ಎತ್ತಿನ ಸೋಮವಾರ

ಬನ್ನಿಕಟ್ಟಿಯಲ್ಲಿ ಸೋಮವಾರ ಎತ್ತು ಹೂಡುವುದಿಲ್ಲ. ಅದು ಬಸವಣ್ಣನ ವಾರ. ಎಂಥ ಹದ ಬಂದಿರಲಿ, ಎಂಥ ಅವಸರವಿರಲಿ, ಅವತ್ತು ನೊಗ ಗೋಡೆಗೆ ಒರಗಿ ನಿಲ್ಲುತ್ತದೆ, ಎತ್ತುಗಳು ಮೈ ತೊಳೆಸಿಕೊಂಡು ಗೋದಲಿಯ ಮುಂದೆ ಅಳಿಯಂದಿರ ಗತ್ತಿನಲ್ಲಿ ಮೇಯುತ್ತವೆ. ಊರಿನ ಕೂಸಿಗೂ ಗೊತ್ತಿರುವ ಸಂಗತಿ ಇದು. ಮಾಲಾಳಿಗೂ ಗೊತ್ತಿತ್ತು. ಗೊತ್ತಿದ್ದೇ ಅವಳು ಸೋಮವಾರವನ್ನು ಆರಿಸಿದಳು, ಗೊತ್ತಿದ್ದೂ ಎಡವಿದಳು.

ಮಾಲಾ ಆ ಊರಿನ ಗುತ್ತೆಪ್ಪನ ಸೊಸೆ. ಹುಲಗೂರಿನಿಂದ ಒಳಗೆ, ಬಸ್ಸು ಸಾಕಪ್ಪಾ ಸಾಕು ಎಂದು ಹಿಂದಿರುಗುವ ತಿರುವಿನಿಂದಲೂ ಒಳಗೆ, ಗೋವಿನಜೋಳದ ಹೊಲಗಳ ನಡುವೆ ಕೂತ ಊರು ಅದು. ಗಂಡ ರಾಜಕುಮಾರ ಟೆಂಪೊ ಓಡಿಸುತ್ತಾನೆ. ವಾರದಲ್ಲಿ ಹೆಚ್ಚು ದಿನ ಹುಬ್ಬಳ್ಳಿ ಹಾದಿಯಲ್ಲೇ ಇರುತ್ತಾನೆ. ಮನೆಯಲ್ಲಿ ಉಳಿಯುವವರು ಮಾವ, ಅತ್ತೆ ಶೇಖವ್ವ, ಮಾಲಾ, ತೊಟ್ಟಿಲಲ್ಲಿ ಅವಳ ಮಗಳು. ಮಾವನಿಗೆ ಮಾತು ಕಡಿಮೆ, ಮೀಸೆ ಹೆಚ್ಚು. ಅವನ ಪ್ರೀತಿಯೆಲ್ಲ ಎತ್ತುಗಳ ಮೇಲೆ ಎಂದು ಊರೇ ಆಡಿಕೊಳ್ಳುತ್ತಿತ್ತು. ಅತ್ತೆಯದು ಅದಕ್ಕೆ ತದ್ವಿರುದ್ಧ ಸ್ವಭಾವ. ಅವಳಿಗೆ ಬಾಯಿ ಉಂಟು, ನಗೆ ಉಂಟು, ಯಾರ ಮನೆಯಲ್ಲಿ ಏನು ಬೇಯುತ್ತಿದೆ ಎಂಬ ವಾಸನೆಯೂ ಬೇಗ ಸಿಗುತ್ತದೆ. ಇಂಥವಳು ಒಂದೇ ಒಂದು ವಿಷಯಕ್ಕೆ ಮಾತ್ರ ಬಾಯಿಗೆ ಬೀಗ ಹಾಕಿಕೊಂಡಿದ್ದಳು.

ಬಾಣಂತನ ಮುಗಿಸಿ ಚಿಕ್ಕೇರೂರಿನ ತವರಿನಿಂದ ಬಂದ ದಿನದಿಂದ ಮಾಲಾಳಿಗೆ ಅತ್ತೆ ನೀರಿನ ಕ್ಯಾನು ಮುಟ್ಟಗೊಡಲಿಲ್ಲ. "ನೀ ಇನ್ನೂ ಎಳಿ ಬಾಣಂತಿ. ಭಾರ ಎತ್ತಬ್ಯಾಡ" ಎಂದು ಫಿಲ್ಟರ್ ನೀರಿನ ಕ್ಯಾನನ್ನು ತಾನೇ ಸೊಂಟಕ್ಕೇರಿಸಿ ತರುತ್ತಿದ್ದಳು. ಮೊದಮೊದಲು ಮಾಲಾಳಿಗೆ ಒಳಗೊಳಗೇ ಹಿಗ್ಗು. ಇಂಥ ಅತ್ತೆ ಯಾರಿಗೆ ಸಿಕ್ಕಾಳು ಎಂದು ತವರಿಗೆ ಫೋನು ಮಾಡಿ ಹೇಳಿಕೊಂಡಿದ್ದೂ ಆಯಿತು. ಆಮೇಲೊಂದು ದಿನ ಹಿತ್ತಲಲ್ಲಿ ಅತ್ತೆ ಕ್ಯಾನು ಇಳಿಸಿ, ಕೆಳಹೊಟ್ಟೆ ಒತ್ತಿಕೊಂಡು, ಹಲ್ಲು ಕಚ್ಚಿ ಕುಕ್ಕರಿಸಿದ್ದು ಕಣ್ಣಿಗೆ ಬಿತ್ತು. ಕಾಡಿ ಬೇಡಿ ಕೇಳಿದ ಮೇಲೆ ವಿಷಯ ಹೊರಬಂತು. ಶೇಖವ್ವನ ಗರ್ಭಚೀಲ ಕೆಳಗೆ ಜಾರಿತ್ತು. ರಾಜಕುಮಾರ ಹುಟ್ಟಿದಾಗ ಬಾಣಂತಿ ಹೊರಸಿನಿಂದ ಎದ್ದವಳೇ ಕೆರೆಯ ನೀರು ಹೊತ್ತಿದ್ದಳಂತೆ. ಅಂದಿನಿಂದ ಹಳೆಯ ಧೋತರದ ತುಂಡನ್ನು ಬಿಗಿದು ಕಟ್ಟಿಕೊಂಡೇ ಅವಳು ಬದುಕು ದೂಡುತ್ತಿದ್ದಳು.

"ದವಾಖಾನಿಗೆ ಹೋಗೂಣು ನಡೀರಿ ಅತ್ತಿ" ಎಂದು ಮಾಲಾ ಅಂಗಲಾಚಿದಳು.

"ಹೋಗಿ ಏನಂತ ಹೇಳ್ಲಿ? ಇಷ್ಟು ವರ್ಷ ತಡಕೊಂಡೇನಿ, ಇನ್ನೆಷ್ಟು ದಿನಾ. ಯಾರ ಮುಂದರ ಬಾಯಿ ಬಿಟ್ಟಿ ಅಂದ್ರ ನನ್ನ ಮ್ಯಾಲ ಆಣಿ ಐತಿ ನೋಡು. ನಿಮ್ಮ ಮಾವನ ಮುಂದಂತೂ ಉಸುರು ಎತ್ತಬ್ಯಾಡ."

ಅಂದಿನಿಂದ ಆ ಕ್ಯಾನು ಮಾಲಾಳ ಎದೆಯ ಮೇಲೆಯೇ ಕೂತಿತು. ತನ್ನ ಮೈ ಕಾಯಲು ಅತ್ತೆ ತನ್ನ ಮೈ ಹರಿದುಕೊಳ್ಳುತ್ತಿದ್ದಾಳೆ ಎಂದು ಗೊತ್ತಿದ್ದೂ ಸುಮ್ಮನಿರುವುದು ಹೇಗೆ. ಆಣೆ ಮುರಿಯುವ ಹಾಗಿಲ್ಲ, ಕಣ್ಣಾರೆ ಕಂಡು ಸಹಿಸುವ ಹಾಗೂ ಇಲ್ಲ. ಕೊನೆಗೆ ಅವಳು ಒಂದು ಉಪಾಯ ಹೂಡಿದಳು.

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರಿನ ಕೆಲವು ಹೆಣ್ಣುಮಕ್ಕಳು ಸೇರಿ 'ನಾಲ್ಕೂರ ಗೆಳತಿಯರು' ಎಂದು ತಂಡ ಕಟ್ಟಿಕೊಂಡಿದ್ದರು. ಬಸ್ಸು ಮುಟ್ಟದ ಊರುಗಳನ್ನು ಹುಡುಕಿ ಹೋಗಿ ಅಲ್ಲಿನ ಹೆಂಗಸರಿಗೆ ಒಂದು ದಿನದ ಆಟೋಟ, ಊಟ, ಒಂದಿಷ್ಟು ತಿಳಿವಳಿಕೆಯ ಮಾತು ಏರ್ಪಡಿಸುತ್ತಿದ್ದರು. ತಂಡದ ಹಿರಿಯಳು ಸವಣೂರಿನ ನೀಲಾಂಬಿಕಾ. ಟೇಲರಿಂಗ್ ಅಂಗಡಿ ಇಟ್ಟುಕೊಂಡ ಗಟ್ಟಿ ಹೆಂಗಸು. ಮಾಲಾ ಅವಳ ನಂಬರು ಹುಡುಕಿ ಫೋನು ಮಾಡಿದಳು.

"ಆರೋಗ್ಯ ಶಿಬಿರ ಅನ್ನಬ್ಯಾಡ್ರಿ ಅಕ್ಕಾರ. ಹ್ವಾದ ವರ್ಷ ಬೋರ್ಡು ಕಟಗೊಂಡು ಒಂದು ವ್ಯಾನು ಬಂದಿತ್ತು. ಎಲ್ಲಾರೂ ಬಾಗಿಲಾಗ ನಿಂತು ನೋಡಿದ್ರು, ಒಬ್ಬಾಕಿನೂ ಹತ್ತಿರ ಹೋಗ್ಲಿಲ್ಲ. ಆಟ ಅಂತ ಕರೀರಿ. ಆಟಕ್ಕ ಬಂದ ಮ್ಯಾಲ ನರ್ಸಬಾಯಾರು ಮಾತಾಡ್ಲಿ. ನಮ್ಮೂರಾಗ ಒಬ್ಬಾಕಿ ಅದಾಳ್ರಿ, ಆಕಿ ಬಾಯಿ ಬಿಡಬೇಕು."

"ಯಾರವ್ವಾ ಆಕಿ?"

"ಹೆಸರು ಕೇಳಬ್ಯಾಡ್ರಿ. ಆಣಿ ಐತಿ."

ನೀಲಾಂಬಿಕಾ ಮುಂದೆ ಕೆದಕಲಿಲ್ಲ. ಯಾವತ್ತು ಬರಲಿ ಎಂದಷ್ಟೇ ಕೇಳಿದಳು. ಸೋಮವಾರ ಬರ್ರಿ ಎಂದಳು ಮಾಲಾ. ಕೃತ್ತಿಕಾ ಮಳೆ ಒಳ್ಳೆಯ ಹದ ಕೊಟ್ಟು ಎಲ್ಲರೂ ಹೊಲ ಹರಗುವ ಅವಸರದಲ್ಲಿದ್ದ ದಿನಗಳವು. ಸೋಮವಾರ ಎತ್ತು ಹೂಡದಿದ್ದರೆ ಹೊಲಕ್ಕೆ ಬುತ್ತಿ ಹೊರುವ ಕೆಲಸವಿಲ್ಲ, ಹೆಂಗಸರಿಗೆ ಬಿಡುವು ಎಂದು ಅವಳ ಲೆಕ್ಕ. ಶಾಲೆ ಇನ್ನೂ ಬೇಸಿಗೆ ರಜೆಯಲ್ಲಿತ್ತು, ಬಯಲು ಖಾಲಿ.

ಲೆಕ್ಕವೇನೋ ಚೆನ್ನಾಗಿತ್ತು. ಆದರೆ ಎತ್ತಿಗೆ ಬಿಡುವಾದರೆ ಎತ್ತು ಹೊಡೆಯುವವನಿಗೂ ಬಿಡುವು ಎಂಬುದನ್ನು ಅವಳು ಮರೆತೇಬಿಟ್ಟಿದ್ದಳು. ತಪ್ಪು ಅವಳದಲ್ಲ, ತವರಿನದು. ಚಿಕ್ಕೇರೂರಿನಲ್ಲಿ ಅವಳಪ್ಪ ಎತ್ತು ಮಾರಿ ಟ್ರ್ಯಾಕ್ಟರ್ ತಂದು ಎಷ್ಟೋ ವರ್ಷಗಳಾಗಿದ್ದವು. ಟ್ರ್ಯಾಕ್ಟರಿಗೆ ಸೋಮವಾರ, ಮಂಗಳವಾರ ಎಲ್ಲ ಒಂದೇ. ಡೀಸೆಲ್ ಇದ್ದರೆ ಸಾಕು.

ಸೋಮವಾರ ಬೆಳಿಗ್ಗೆ ಗೆಳತಿಯರ ಜೀಪು ಧೂಳೆಬ್ಬಿಸುತ್ತ ಬಂತು. ಹಗ್ಗ, ಲಿಂಬೆಹಣ್ಣು, ಚಮಚ, ಬಹುಮಾನದ ಸ್ಟೀಲ್ ಡಬ್ಬಿಗಳು ಇಳಿದವು. ಹುಲಗೂರಿನ ಖಾದರಸಾಬ ಮೈಕ್ ಸೆಟ್ಟು ತಂದು, ಶಾಲೆಯ ಮಾಳಿಗೆಯ ಮೇಲೆ ಊರಿನ ಕಡೆ ಮುಖ ಮಾಡಿ ದೊಡ್ಡ ಹಾರ್ನು ಕಟ್ಟಿದ. ಬಯಲಲ್ಲಿ ಹಾಕಿದ್ದ ಶಾಮಿಯಾನದ ಒಳಗೆ ಒಂದು ಸಣ್ಣ ಡಬ್ಬಿ ಸ್ಪೀಕರ್ ಇಟ್ಟ. ಹೆಂಗಸರೂ ಬಂದರು. ಒಬ್ಬರ ಹಿಂದೆ ಒಬ್ಬರು, ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟುಕೊಂಡು, ನಗುನಗುತ್ತ ಬಂದರು. ಶೇಖವ್ವ ಮೊಮ್ಮಗಳನ್ನು ಬಗಲಲ್ಲಿ ಎತ್ತಿಕೊಂಡು ಎಲ್ಲರಿಗಿಂತ ಮೊದಲು ಬಂದಿದ್ದಳು. ಮಾಲಾಳ ಜೀವ ಹಗುರವಾಯಿತು.

ಅಷ್ಟರಲ್ಲಿ ಗಂಡಸರೂ ಬಂದರು. ಕರೆದವರು ಯಾರೂ ಇಲ್ಲ. ಎತ್ತು ಹೂಡುವಂತಿಲ್ಲ, ಮನೆಯಲ್ಲಿ ಮಾತಾಡಲು ಜನರಿಲ್ಲ, ಮೈಕ್ ಸದ್ದು ಕೇಳುತ್ತಿದೆ. ಪಾಪ, ಅವರು ತಾನೇ ಎಲ್ಲಿಗೆ ಹೋಗಬೇಕು. ಶಾಲೆಯ ಕಂಪೌಂಡ್ ಗೋಡೆಯ ಮೇಲೆ ಉದ್ದಕ್ಕೂ ಟವೆಲ್ ಹಾಸಿಕೊಂಡು, ಎಲೆಯಡಿಕೆ ಚಂಚಿ ಬಿಚ್ಚಿಕೊಂಡು ಸಾಲಾಗಿ ಕೂತರು. ಆಟ ಚೆನ್ನಾಗಿ ಕಾಣುವ ಮೂಲೆ ಹಿಡಿದು ಗುತ್ತೆಪ್ಪನೂ ಕೂತ.

ಆಟ ಶುರುವಾಗುವ ಮೊದಲೇ ನಿಂತಿತು. ಮಾವ ನೋಡುತ್ತಿರುವಾಗ ಯಾವ ಸೊಸೆ ಓಡಿಯಾಳು. ಭಾವ ಕೂತಿರುವಾಗ ಯಾವಳು ಸೆರಗು ಸಿಕ್ಕಿಸಿ ಹಗ್ಗ ಹಿಡಿದಾಳು. ಲಿಂಬೆ-ಚಮಚದ ಆಟಕ್ಕೆ ಹೆಸರು ಕರೆದರೆ ಎಲ್ಲರೂ ತಲೆಯ ಮೇಲಿನ ಸೆರಗನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡು ನೆಲ ನೋಡಿದರು. ಧೈರ್ಯ ಮಾಡಿದ ಒಬ್ಬಳು ಬಾಯಲ್ಲಿ ಚಮಚ ಕಚ್ಚಿ ಹೊರಟಳಾದರೂ, ಒಂದು ಕೈಯಲ್ಲಿ ಸೆರಗು ಹಿಡಿದು ದೇವರ ಪಲ್ಲಕ್ಕಿಯಷ್ಟು ನಿಧಾನಕ್ಕೆ ನಡೆದಳು.

"ಆಡ್ರೆವಾ, ಆಡ್ರಿ. ನಾವೇನು ಹುಲಿ ಅದೇವೇನು" ಎಂದು ಗೋಡೆಯ ಮೇಲಿನ ಫಕ್ಕೀರಪ್ಪ ಹುರಿದುಂಬಿಸಿದ. ಮನುಷ್ಯ ಒಳ್ಳೆಯವನು. ಆದರೆ ಓಡಬೇಕಾದವರಲ್ಲಿ ಇಬ್ಬರು ಅವನ ಸೊಸೆಯಂದಿರೇ.

ನೀಲಾಂಬಿಕಾ ಸೆರಗು ಸುತ್ತಿಕೊಂಡು ಗೋಡೆಯ ಹತ್ತಿರ ಹೋಗಿ, ಇದು ಹೆಣ್ಣುಮಕ್ಕಳ ಕಾರ್ಯಕ್ರಮ ಎಂದು ಸೂಕ್ಷ್ಮವಾಗಿ ಹೇಳಿನೋಡಿದಳು.

"ಗೊತ್ತೈತ್ರಿ. ಅದಕ್ಕಂತನ ಬಂದೇವಿ" ಎಂದ ಫಕ್ಕೀರಪ್ಪ. "ಏನಾರ ಎತ್ತೂದು ಇಳಸೂದು ಇದ್ರ ಹೇಳ್ರಿ, ಮಾಡ್ತೇವಿ. ಇವತ್ತ ಎತ್ತು ಹೂಡಂಗಿಲ್ಲ, ಸಂಜಿತನಾ ಪುರಸೊತ್ತ ಅದೇವಿ."

ಸಂಜೆತನಕ ಎಂಬ ಮಾತು ಕೇಳಿ ಮಾಲಾಳಿಗೆ ತನ್ನ ತಪ್ಪಿನ ಪೂರ್ತಿ ಅಳತೆ ಸಿಕ್ಕಿತು. ಹಣೆ ಚಚ್ಚಿಕೊಳ್ಳಬೇಕೆನಿಸಿತು. ಓಡಲಿಕ್ಕೇ ಆಗದ ಹೆಂಗಸರು ಈ ಗೋಡೆಯ ಮುಂದೆ ಬಾಯಿ ಬಿಟ್ಟು ಮಾತಾಡುವುದುಂಟೇ. ಬಿಸಿಲೇರುತ್ತಿತ್ತು. ಶೇಖವ್ವ ಆಗಲೇ ಕೂಸನ್ನು ಸರಿಸಿ ಹಿಡಿದು, "ನಡಿ ಮಾಲಾ, ರೊಟ್ಟಿ ಬಡಿಯೂದೈತಿ" ಎನ್ನುತ್ತಿದ್ದಳು. ಇವತ್ತು ಅತ್ತೆ ಹೀಗೇ ಮನೆಗೆ ಹೋದರೆ ನಾಳೆ ಮತ್ತೆ ಅದೇ ಕ್ಯಾನು, ಅದೇ ಸೊಂಟ.

ಸಂಕಟ ಬಂದಾಗ ಕೆಲವರಿಗೆ ದೇವರು ನೆನಪಾಗುತ್ತಾನೆ, ಮಾಲಾಳಿಗೆ ಹಾರ್ನು ನೆನಪಾಯಿತು. ಹಿರೇಕೆರೂರಿನಿಂದ ರಜೆ ಹಾಕಿ ಬಂದಿದ್ದ ನರ್ಸು ಅಂಕಿತಾಳ ಹತ್ತಿರ ಹೋಗಿ, ಮಧ್ಯಾಹ್ನದ ನಿಮ್ಮ ಮಾತು ಈಗಲೇ ಆಗಲಿ ಎಂದಳು. ಆಮೇಲೆ ಖಾದರಸಾಬನ ಕಡೆ ಓಡಿದಳು.

"ಕಾಕಾ, ಹಾರ್ನ ಜೋರು ಇಡ್ರಿ. ಗಂಡಸರು ಎದ್ದು ಹ್ವಾದ ಕೂಡಲೇ ಬಂದ್ ಮಾಡ್ರಿ."

"ಅವರು ಯಾಕ ಹೋಗ್ತಾರವ್ವಾ?" ಎಂದ ಖಾದರಸಾಬ.

ಅಂಕಿತಾ ಮೈಕ್ ಹಿಡಿದಳು. ವಯಸ್ಸು ಚಿಕ್ಕದು, ಧ್ವನಿ ಕಂಚಿನದು. "ಎಲ್ಲಾ ಅಕ್ಕತಂಗ್ಯಾರಿಗೂ ನಮಸ್ಕಾರ್ರಿ. ಮೊದಲು ತಿಂಗಳ ಮುಟ್ಟಿನ ಬಗ್ಗೆ ಮಾತಾಡೂಣು. ಆಮ್ಯಾಲ ಬಿಳಿ ಹೋಗೂದು, ಗರ್ಭಚೀಲದ ತ್ರಾಸು, ಒಂದೊಂದಾಗಿ ಎಲ್ಲಾ ಬಿಡಿಸಿ ಹೇಳ್ತೇನಿ."

ಹಾರ್ನು ಆ ಮಾತನ್ನು ಊರಿನ ತುದಿಯವರೆಗೆ ಒಯ್ದು ಹಂಚಿತು. ಗೋಡೆಯ ಮೇಲೆ ಎಲೆಗೆ ಸುಣ್ಣ ಹಚ್ಚುತ್ತಿದ್ದ ಕೈಗಳು ಹಾಗೇ ನಿಂತವು. ಮೊದಲು ಎದ್ದವನು ಗುತ್ತೆಪ್ಪ. ಎತ್ತಿನ ಮೈ ತಿಕ್ಕುವುದು ಬಾಕಿಯಿದೆ ಎಂದು ಯಾರೂ ಕೇಳದಿದ್ದರೂ ಹೇಳಿದ. ಅಂಕಿತಾ ಎರಡನೆಯ ಮಾತಿಗೆ ಬರುವಷ್ಟರಲ್ಲಿ ಒಬ್ಬನಿಗೆ ಕರು ಬಿಚ್ಚಿಕೊಂಡ ಅನುಮಾನ, ಇನ್ನೊಬ್ಬನಿಗೆ ಫೋನು. ಫಕ್ಕೀರಪ್ಪ ಚಪ್ಪಲಿ ಮರೆತು ಹೋದ. ನೋಡನೋಡುತ್ತ ಗೋಡೆ ಬರೀ ಗೋಡೆಯಾಯಿತು.

ಶಾಮಿಯಾನದಲ್ಲಿ ಎದ್ದ ನಗು ಎಷ್ಟು ಹೊತ್ತಾದರೂ ಅಡಗಲಿಲ್ಲ. ಒಬ್ಬಳು ನಕ್ಕು ನಕ್ಕು ಪಕ್ಕದವಳ ಮಡಿಲಿಗೇ ಒರಗಿದಳು. ಮಾಲಾ ಕಣ್ಣೊರೆಸಿಕೊಳ್ಳುತ್ತ ಕೂಸನ್ನು ಅತ್ತೆಯ ಕೈಯಿಂದ ತೆಗೆದುಕೊಂಡಳು. ಈ ಗದ್ದಲದಲ್ಲಿ ಖಾದರಸಾಬನೂ, "ಚಹಾ ಕುಡದು ಬರ್ತೇನಿ" ಎಂದು ಗಂಡಸರ ಹಿಂದೆಯೇ ಜಾರಿಕೊಂಡಿದ್ದನ್ನು ಯಾರೂ ಗಮನಿಸಲಿಲ್ಲ. ಹಾರ್ನು ಬಂದ್ ಮಾಡಬೇಕಿದ್ದವನು ಅವನೇ.

ತಲೆಯ ಮೇಲಿನ ಸೆರಗುಗಳು ಒಂದೊಂದಾಗಿ ಹೆಗಲಿಗೆ ಇಳಿದವು. ಅಂಕಿತಾ ಮಾತು ನಿಲ್ಲಿಸಿ, ಯಾರಿಗೆ ಏನು ಕೇಳಬೇಕೋ ಕೇಳ್ರಿ ಎಂದಳು. ಹಿಂದೆ ಕೂತವರಿಗೂ ಕೇಳಲೆಂದು ಮೈಕನ್ನು ಕೈಯಿಂದ ಕೈಗೆ ದಾಟಿಸಿದರು. ಮೊದಲು ಪಿಸುಪಿಸು, ಆಮೇಲೆ ಒಂದು ಪ್ರಶ್ನೆ, ಅದರ ಬೆನ್ನಿಗೆ ಇನ್ನೊಂದು. ಮೈಕ್ ಸಾಲು ದಾಟಿ ಶೇಖವ್ವನ ಕೈಗೆ ಬಂತು. ಅವಳು ಅದನ್ನು ಮುಂದಕ್ಕೆ ಕೊಟ್ಟುಬಿಡುತ್ತಾಳೆ ಎಂದುಕೊಂಡು ಮಾಲಾ ಕಣ್ಣು ಮುಚ್ಚಿದಳು.

"ಬಾಯಾರ, ನನಗಲ್ಲರಿ" ಎಂದಳು ಶೇಖವ್ವ. "ನಮ್ಮೂರಾಗ ಒಬ್ಬಾಕಿ ಅದಾಳ್ರಿ."

"ಹೇಳ್ರಿ ಅವ್ವಾ. ಆಕಿಗೆ ಏನಾಗೇತಿ?"

"ಗರ್ಭಚೀಲ ಕೆಳಗ ಜಾರೇತ್ರಿ. ಮಗಾ ಹುಟ್ಟಿದಾಗಿಂದ. ಕೆಮ್ಮಿದ್ರ, ಸೀನಿದ್ರ ಜೀವಾ ಕೈಯಾಗ ಹಿಡಕೊಂಡು ಕುಂಡ್ರತಾಳ. ಅರಿವಿ ಬಿಗದು ಕಟಗೊಂಡು ನೀರು ತರತಾಳ, ಹೊಲಕ್ಕ ಬುತ್ತಿ ಒಯ್ತಾಳ."

"ಮನ್ಯಾಗ ಯಾರಿಗೂ ಹೇಳಿಲ್ಲೇನ್ರಿ ಆಕಿ?"

"ಯಾರಿಗೆ ಹೇಳ್ತಾಳ್ರಿ. ಆಕಿ ಗಂಡ ಕೆಟ್ಟಾಂವ ಅಲ್ಲರಿ, ಅದನ್ನೂ ಹೇಳಬೇಕು. ಕುಡಿಯಂಗಿಲ್ಲ, ಬಡಿಯಂಗಿಲ್ಲ. ಎತ್ತಿನ ಹೆಗಲಾಗ ಸಣ್ಣ ಬಾವು ಕಂಡ್ರ ಅರಿಷಿಣ ಎಣ್ಣಿ ಹಚಗೋಂತ ಊಟಾ ಮರತು ಕುಂಡ್ರತಾನ. ಅಂಥಾ ಕರಳು ಐತಿ ಆಂವಗ. ಆದ್ರ ಎತ್ತಿನ ಹೆಗಲು ಕಣ್ಣಿಗೆ ಕಾಣತೈತಿ, ಇದು ಕಾಣಂಗಿಲ್ಲಲ್ರಿ." ಶೇಖವ್ವ ಮೈಕನ್ನು ಈ ಕೈಯಿಂದ ಆ ಕೈಗೆ ಬದಲಿಸಿದಳು. "ಎತ್ತಿಗೆ ಸೋಮವಾರ ಅಂತ ಒಂದು ಐತಿ. ಆಕಿಗೆ ಯಾವ ವಾರನೂ ಇಲ್ಲರಿ."

ಯಾರೂ ಅವಳ ಕಡೆ ತಿರುಗಿ ನೋಡಲಿಲ್ಲ. ಬನ್ನಿಕಟ್ಟಿಯ ಹೆಂಗಸರು ಅಷ್ಟು ದೊಡ್ಡತನದವರು. ಆ ಒಬ್ಬಾಕಿ ಯಾರು ಎಂಬುದು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಎಲ್ಲರಿಗೂ ಗೊತ್ತಾಗಿತ್ತು. ಮಾಲಾ ಮಗಳ ನೆತ್ತಿಗೆ ಮುಖ ಒತ್ತಿ ಕೂತಳು.

"ಆಕಿಗೆ ಹೇಳ್ರಿ, ಇದು ನಾಚಿಕಿ ಪಡೂ ರೋಗಲ್ಲ" ಎಂದಳು ಅಂಕಿತಾ. "ಎಲ್ಲಾರಿಗೂ ಆಪರೇಷನ್ನ ಬೇಕಂತನೂ ಇಲ್ಲ. ಒಳಗ ಉಂಗುರದಂಥದು ಹಾಕಿ ತಡೀತಾರ, ವ್ಯಾಯಾಮ ಹೇಳಿಕೊಡ್ತಾರ. ಡಾಕ್ಟರು ಒಮ್ಮಿ ನೋಡಬೇಕು. ಅಲ್ಲೀತನಾ ಭಾರ ಎತ್ತಬಾರದು. ಒಂದು ಕೊಡಾನೂ ಎತ್ತಬಾರದು."

"ಅದಽ ಆಗಬೇಕಲ್ರಿ" ಎಂದು ಶೇಖವ್ವ ಮೈಕ್ ದಾಟಿಸಿದಳು.

ಅದನ್ನು ಹಿಡಿದ ಮುಂದಿನವಳು, "ಬಾಯಾರ, ಅಂಥಾಕಿ ನನಗೂ ಒಬ್ಬಾಕಿ ಗೊತ್ತದಾಳ್ರಿ" ಎಂದಳು. ಮೂರನೆಯ ಸಾಲಿನಿಂದ ಇನ್ನೊಂದು ದನಿ, ನನಗೂ ಒಬ್ಬಾಕಿ ಎಂದಿತು. ನೀಲಾಂಬಿಕಾ ನಿಂತಲ್ಲಿಂದಲೇ ಮಾಲಾಳ ಮುಖ ನೋಡಿದಳು. ಒಬ್ಬಾಕಿಗಾಗಿ ಜೀಪು ತುಂಬಿಕೊಂಡು ಬಂದಿದ್ದವರಿಗೆ ಅಂಥ ಎಷ್ಟು ಜನ ಸಿಕ್ಕರೋ.

ಅದಾದ ಮೇಲೆ ಆಟಕ್ಕೆ ಅಡ್ಡಿಯೇ ಉಳಿಯಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಸೊಸೆಯಂದಿರು ಒಂದು ಕಡೆ, ಅತ್ತೆಯಂದಿರು ಇನ್ನೊಂದು ಕಡೆ ಹಗ್ಗ ಹಿಡಿದರು. ಶೇಖವ್ವನೂ ಹಗ್ಗಕ್ಕೆ ಕೈ ಹಾಕಿದ್ದೇ ಅಂಕಿತಾ ಓಡಿಬಂದು ಅವಳ ಕೈಗೆ ಪೀಪಿ ಕೊಟ್ಟು, "ಅವ್ವಾರ, ನೀವು ಪಂಚರು" ಎಂದಳು. ಶೇಖವ್ವನಿಗೆ ಖುಷಿಯೋ ಖುಷಿ. ಮೈಕಿನ ಪಕ್ಕದಲ್ಲೇ ನಿಂತು, ಕೆನ್ನೆ ಉಬ್ಬಿಸಿ ಪೀಪಿ ಊದಿದಳು.

ಪೀಪಿಯ ಸದ್ದು ಮಾಳಿಗೆಯಿಂದ ಹಾರಿ, ಬಸವಣ್ಣನ ಗುಡಿಗೆ ಬಡಿದು, ವಾಪಸು ಬಂತು. ಊರಿನ ನಾಯಿಗಳೆಲ್ಲ ಒಮ್ಮೆಗೇ ಬೊಗಳಿದವು.

ಮಾಲಾ ಮಾಳಿಗೆಯ ಕಡೆ ತಲೆಯೆತ್ತಿ ನೋಡಿದಳು. ಅಷ್ಟು ಹೊತ್ತಿಗೆ ಖಾದರಸಾಬ ನೆಲ ನೋಡುತ್ತ ಬಂದು ಗುಂಡಿ ತಿರುವಿದ.

"ಹಾರ್ನ ಚಾಲೂನ ಇತ್ತವ್ವಾ" ಎಂದ. "ನಾ ಬಂದ್ ಮಾಡಾಕಂತ ಹೊಳ್ಳಿ ಬರ್ತಿದ್ದೆ. ಒಳಗ ಹೆಣಮಕ್ಕಳು ಮಾತಾಡಾಕತ್ತಿದ್ರು. ಹ್ಯಾಂಗ ಕಾಲಿಡ್ಲಿ ಹೇಳು."

"ಗಂಡಸರು?"

"ಗುಡಿ ಕಟ್ಟಿ ಮ್ಯಾಲ ಕುಂತಿದ್ರು. ಎದ್ದು ಎಲ್ಲಿಗೆ ಹ್ವಾದ್ರೂ ಕೇಳತಿತ್ತು."

"ನಮ್ಮ ಮಾವಾರು?"

"ಎತ್ತಿನ ಮೈ ತಿಕ್ಕಾಕತ್ತಿದ್ರವ್ವಾ. ನಡುವ ಕೈ ನಿಂತಬಿಡ್ತು" ಎಂದು ಹೇಳಿ ಖಾದರಸಾಬ ವೈರು ಸುತ್ತತೊಡಗಿದ.

ಮಾಲಾ ಅತ್ತೆಗೆ ವಿಷಯ ಹೇಳಲೇಬೇಕಾಯಿತು. ಶೇಖವ್ವ ಕೇಳಿ, ಪೀಪಿಯನ್ನು ಸೆರಗಿನಲ್ಲಿ ಒರೆಸಿ ಅಂಕಿತಾಳಿಗೆ ಹಿಂದಿರುಗಿಸಿದಳು. ಬೈಯಲಿಲ್ಲ, ಅಳಲಿಲ್ಲ. ಊಟಕ್ಕೂ ನಿಲ್ಲದೆ ಮನೆಯ ದಾರಿ ಹಿಡಿದಳು. ಅವಳ ಹಿಂದೆ ಕೂಸನ್ನು ಎತ್ತಿಕೊಂಡು ನಡೆದ ಮಾಲಾಳಿಗೆ, ಕೆಟ್ಟೆ ಎಂಬ ಒಂದೇ ಮಾತು ತಲೆ ತುಂಬ. ಆಣೆಯನ್ನು ತಾನು ಮುರಿಯಲಿಲ್ಲ, ಊರ ಹಾರ್ನಿಗೆ ಕಟ್ಟಿ ಮುರಿಸಿದೆ. ಇನ್ನು ಅತ್ತೆ ದವಾಖಾನೆಗೆ ಹೋಗುವುದಿರಲಿ, ತನ್ನ ಮುಖ ನೋಡಿದರೆ ದೊಡ್ಡದು.

ಮನೆಯಲ್ಲಿ ಎತ್ತುಗಳು ಅರ್ಧ ಮೈ ಒದ್ದೆಯಾಗಿ ನಿಂತಿದ್ದವು, ಗುತ್ತೆಪ್ಪ ಇರಲಿಲ್ಲ. ಶೇಖವ್ವ ಒಲೆ ಹೊತ್ತಿಸಿ ರೊಟ್ಟಿ ಬಡಿಯಲು ಕೂತಳು. ಅವತ್ತಿನ ಬಡಿತ ಓಣಿಗೆಲ್ಲ ಕೇಳುವಂತಿತ್ತು. ಕುಡಿಯುವ ನೀರು ತೀರಿರುವುದನ್ನು ಮಾಲಾ ನೋಡಿದಳು; ತರಲೆಂದು ಕ್ಯಾನು ಇಡುವ ಜಾಗಕ್ಕೆ ಹೋದರೆ ಕ್ಯಾನೂ ಇಲ್ಲ.

ಹೊತ್ತು ಇಳಿಯುವಾಗ ಬಾಗಿಲಲ್ಲಿ ಕೆಮ್ಮು ಕೇಳಿತು. ಗುತ್ತೆಪ್ಪ ಒಳಗೆ ಬಂದ. ಹೆಗಲ ಮೇಲೆ ನೀರಿನ ಕ್ಯಾನು. ಜೀವಮಾನದಲ್ಲಿ ನೀರು ಹೊತ್ತವನಲ್ಲ, ಮುಚ್ಚಳ ಸರಿಯಾಗಿ ಹಾಕಿರಲಿಲ್ಲ; ಅಂಗಿ, ಧೋತರ, ಮೀಸೆ ಎಲ್ಲ ತೊಯ್ದು ತೊಪ್ಪೆಯಾಗಿದ್ದವು. ಫಿಲ್ಟರ್ ಮನೆಯಿಂದ ಇಲ್ಲಿಯವರೆಗಿನ ಹಾದಿ ಗುಡಿಕಟ್ಟೆಯ ಮುಂದೆಯೇ ಹಾಯುತ್ತದೆ. ಅಲ್ಲಿ ಕೂತ ಅಷ್ಟೂ ಜನರ ಕಣ್ಣೆದುರೇ ಅವನು ಬಂದಿದ್ದ. ಅರ್ಧ ಉಳಿದ ಕ್ಯಾನನ್ನು ಅಡುಗೆಮನೆಯ ಕಟ್ಟೆಯ ಮೇಲೆ ಇಳಿಸಿ, ಸೂರಿನ ಜಂತಿ ನೋಡುತ್ತ ನಿಂತ.

ಶೇಖವ್ವನ ರೊಟ್ಟಿ ಬಡಿತ ನಿಂತಿತು.

"ಮೈಕಿನ್ಯಾಗ ಯಾರೋ ಒಬ್ಬಾಕಿ ಬಗ್ಗೆ ಕೇಳಿದ್ದಿಯಲ್ಲ" ಎಂದ ಗುತ್ತೆಪ್ಪ. "ಆಕಿಗೆ ಹೇಳು. ನಾಳೆ ಮುಂಜಾನೆ ದವಾಖಾನಿಗೆ ಹೋಗೂದೈತಿ. ರಾಜಕುಮಾರಗ ಫೋನ್ ಮಾಡೇನಿ, ಟೆಂಪೊ ತರ್ತಾನ."

ಶೇಖವ್ವ ಹಿಟ್ಟಿನ ಕೈಯಲ್ಲೇ ಸೆರಗು ಸರಿಮಾಡಿಕೊಂಡಳು.

"ನಾಳೆ ಮಂಗಳವಾರ. ಹದಾ ಆರಾಕತ್ತೈತಿ. ಎತ್ತು ಹೂಡೂದು ಬಿಟ್ಟು ಹ್ಯಾಂಗ ಹೋಗೂದ್ರಿ?"

ಗುತ್ತೆಪ್ಪ ಒದ್ದೆ ಮೀಸೆ ಒರೆಸಿಕೊಂಡು, ಅರ್ಧ ಮೈ ತಿಕ್ಕಿದ ಎತ್ತುಗಳ ಕಡೆ ಹೊರಟ. ಹೊಸ್ತಿಲು ದಾಟುವಾಗ, ತಿರುಗಿ ನೋಡದೆಯೇ ಹೇಳಿದ:

"ಆಕಿಗೆ ನಾಳೆನೂ ಸೋಮವಾರ ಅಂತ ಹೇಳು."